ನೂರೆಂಬತ್ತರ ಆಚೆ

ಮುಳ್ಳು ನೂರೆಂಬತ್ತು ದಾಟಿದ ಕೂಡಲೇ ದೇವಕಿ ಕಣ್ಣು ಮುಚ್ಚಿಕೊಂಡಳು. ಸ್ಟಿಯರಿಂಗ್ ಹಿಡಿದಿದ್ದ ಗಂಡ ಕಾರ್ತಿಕೇಯ ಅದನ್ನು ಓರೆಗಣ್ಣಿನಲ್ಲಿ ನೋಡಿ, ಹೆದರಿದ್ದಾಳೆ ಎಂದುಕೊಂಡ. ಪಾಪ ಎನಿಸಿತು. ಆದರೂ ಕಾಲು ಎತ್ತಲಿಲ್ಲ.

ಎತ್ತುವ ಹಾಗೂ ಇರಲಿಲ್ಲ. ಇಪೋ ಊರು ಬಿಟ್ಟಾಗಲೇ ಆರಕ್ಕೆ ಹತ್ತು ನಿಮಿಷವಿತ್ತು. ಕೌಲಾಲಂಪುರದ ವಿಮಾನ ನಿಲ್ದಾಣಕ್ಕೆ ಇನ್ನೂರೈವತ್ತು ಕಿಲೋಮೀಟರ್. ಬೆಂಗಳೂರು ವಿಮಾನದ ಕೌಂಟರ್ ಮುಚ್ಚುವುದು ಎಂಟಕ್ಕೆ. ನಾಳೆ ಬೆಳಿಗ್ಗೆ ಮೈಸೂರಿನಲ್ಲಿ ದೇವಕಿಯ ತಂಗಿ ಅನನ್ಯಳ ಮದುವೆ. ಅಪ್ಪ ಅಮ್ಮ ಇಲ್ಲದ ಹುಡುಗಿ. ಧಾರೆ ಎರೆಯಬೇಕಾದವರು ಅಕ್ಕ ಭಾವನೇ. ದೇವಕಿ ವಾರದ ಹಿಂದೆಯೇ ಹೊರಡಬಹುದಿತ್ತು. ಗಂಡನನ್ನು ಒಬ್ಬನನ್ನೇ ಬಿಟ್ಟರೆ ವಿಮಾನ ತಪ್ಪಿಸಿಕೊಳ್ಳುವ ಗಿರಾಕಿ ಎಂದು ಅವನ ರಜೆಗಾಗಿ ಕಾದಳು.

ಅವಳ ಅಪ್ಪ ಅಮ್ಮ ಹೋದದ್ದು ಒಂದೇ ಕಾರಿನಲ್ಲಿ, ಒಂದೇ ಕ್ಷಣದಲ್ಲಿ. ಕಾರು ನೂರನಲವತ್ತರಲ್ಲಿತ್ತು ಎಂದು ಪೊಲೀಸರು ಬರೆದಿದ್ದರು. ಅಂದಿನಿಂದ ಅವಳಿಗೆ ವೇಗವೆಂದರೆ ಆಗುತ್ತಿರಲಿಲ್ಲ. ಕಾರ್ತಿಕೇಯ ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಹೇಗೋ ಒಪ್ಪಿದ್ದಳು. ಜಪಾನಿನವರು ತಮ್ಮ ಕಾರು ನೂರೆಂಬತ್ತು ದಾಟದ ಹಾಗೆ ಕಾರ್ಖಾನೆಯಲ್ಲೇ ಕಟ್ಟಿ ಹಾಕಿರುತ್ತಾರೆ, ಮೀಟರಿನ ಅಂಕಿಗಳೂ ಅಲ್ಲಿಗೇ ಮುಗಿಯುತ್ತವೆ ಎಂದು ಅವನೇ ಸಮಾಧಾನ ಹೇಳಿದ್ದ.

ಆಮೇಲೆ ಅದೇ ಅವನಿಗೆ ಅವಮಾನವಾಯಿತು. ಸುಬಾಂಗ್ ಜಯಾದ ಮನೆಯಿಂದ ಸೈಬರ್‌ಜಯಾದ ಆಫೀಸಿಗೆ ದಿನಾ ಟ್ರಾಫಿಕ್ಕಿನಲ್ಲಿ ಅರವತ್ತು ದಾಟದ ಮನುಷ್ಯನಿಗೆ ನೂರೆಂಬತ್ತು ಸಾಲದೆ ಬಂತು.

ಎಂಟು ತಿಂಗಳ ಹಿಂದೆ ಅವನು ಗುಟ್ಟಾಗಿ ವಿನ್‌ಸ್ಟನ್‌ನ ವರ್ಕ್‌ಶಾಪಿಗೆ ಕಾರು ಬಿಟ್ಟ. ಮಂಗಳೂರಿನಿಂದ ಬಂದು ಇಲ್ಲೇ ನೆಲೆಸಿದ್ದ ವಿನ್‌ಸ್ಟನ್ ಈ ಕೆಲಸದಲ್ಲಿ ಎತ್ತಿದ ಕೈ: ಕಟ್ಟು ಬಿಚ್ಚುವುದು, ಇನ್ನೂರರವತ್ತರವರೆಗೆ ಅಂಕಿಯಿರುವ ಹೊಸ ಮೀಟರ್ ಕೂರಿಸುವುದು. ತೊಡಕು ಒಂದೇ. ವಿನ್‌ಸ್ಟನ್‌ನ ಹೆಂಡತಿ ಅಗ್ನೆಸ್ ದಿನಾ ಸಂಜೆ ದೇವಕಿಯ ಜೊತೆ ವಾಕಿಂಗ್ ಹೋಗುವವಳು. ಮನೆಯಲ್ಲಿ ಬಾಯಿ ಬಿಡಬಾರದು ಎಂದು ಕಾರ್ತಿಕೇಯ ಆಣೆ ಹಾಕಿಸಿಕೊಂಡ. ವಿನ್‌ಸ್ಟನ್ ಶಿಲುಬೆಯ ಗುರುತು ಮಾಡಿಕೊಂಡು, ವಾರ ಬಿಟ್ಟು ಬನ್ನಿ ಎಂದ. ಒಂದು ದಿನದ ಕೆಲಸಕ್ಕೆ ವಾರ ಯಾಕೆ ಎಂದು ಕಾರ್ತಿಕೇಯ ಕೇಳಲಿಲ್ಲ.

ಆಮೇಲೆ ಒಬ್ಬನೇ ಹೆದ್ದಾರಿಗೆ ಇಳಿದಾಗಲೆಲ್ಲ ನೂರತೊಂಬತ್ತು, ಇನ್ನೂರು. ಎದೆ ಉಬ್ಬುತ್ತಿತ್ತು. ಎಂಟು ತಿಂಗಳಲ್ಲಿ ಒಂದೇ ಒಂದು ದಂಡದ ಚೀಟಿ ಬರಲಿಲ್ಲ. ತನ್ನದು ಕ್ಯಾಮೆರಾಗಳ ಕಣ್ಣಿಗೂ ಸಿಗದ ವೇಗ ಎಂದು ಅವನು ನಂಬಿದ.

ಗುಟ್ಟು ರಟ್ಟಾದದ್ದು ಇವತ್ತೇ. ಇಪೋದಲ್ಲಿ ಆಫೀಸಿನ ಕೆಲಸ ಮುಗಿಸಿ ನೇರ ವಿಮಾನಕ್ಕೆ ಹೋಗುವುದೆಂದು ಹೆಂಡತಿಯನ್ನೂ ಸೂಟ್‌ಕೇಸುಗಳನ್ನೂ ಜೊತೆಗೇ ಕರೆತಂದಿದ್ದ. ಮೂರಕ್ಕೆ ಕೆಲಸ ಮುಗಿಯಿತು. ಸಹೋದ್ಯೋಗಿ ಮನೀಷ್ ಒಂದು ಟೀ ಎಂದು ಮಾಮಕ್ ಹೋಟೆಲಿಗೆ ಎಳೆದ. ಕಾರಿನ ಮಾತು ಬಂತು. ಬಾನೆಟ್ ಎತ್ತಿದ್ದಾಯಿತು, ಮೀಟರ್ ತೋರಿಸಿದ್ದಾಯಿತು. ನಾಲ್ಕಕ್ಕೇ ಹೊರಡೋಣ ಎಂದು ದೇವಕಿ ಮೂರು ಸಲ ಹೇಳಿದಳು. ಕಾರ್ತಿಕೇಯ ಕೊನೆಗೆ ನಕ್ಕು, ಇದರ ಕಟ್ಟು ಬಿಚ್ಚಿಸಿ ಎಂಟು ತಿಂಗಳಾಯಿತು, ಒಂದೂವರೆ ಗಂಟೆ ಸಾಕು ಎಂದ. ಹೇಳಿದ ಮೇಲೆ, ಗುಟ್ಟು ಬಿಟ್ಟುಕೊಟ್ಟದ್ದು ಅವನಿಗೇ ಹೊಳೆಯಿತು. ಅವಳು ಸಿಡಿಯಲಿಲ್ಲ. ಏನೋ ಹೇಳಲು ಬಾಯಿ ತೆರೆದು, ಮನೀಷನ ಮುಖ ನೋಡಿ ಸುಮ್ಮನಾದಳು.

ಈಗ ಹೆದ್ದಾರಿ ಖಾಲಿಯಿತ್ತು. ಎಡಬದಿಯಿಂದ ಒಂದು ಪುಟ್ಟ ಮೈವಿ ಕಾರು, ಹಿಂದಿನ ಸೀಟಿನ ತುಂಬ ಮಕ್ಕಳು ಮೂಟೆಗಳ ಸಮೇತ, ಅವರನ್ನು ಸಲೀಸಾಗಿ ಹಿಂದೆ ಹಾಕಿ ಹೋಯಿತು.

ಇವರೆಲ್ಲ ಎಂಥ ಎಂಜಿನ್ ಹಾಕಿಸಿಕೊಳ್ಳುತ್ತಾರೋ ಎಂದು ಕಾರ್ತಿಕೇಯ ಗೊಣಗಿದ. ಎದುರಿಗೆ ಅಂಟಿಸಿದ್ದ ಫೋನು, ತಲುಪುವ ಹೊತ್ತು ಎಂಟು ಹನ್ನೆರಡು ಎಂದು ಹಟ ಹಿಡಿದಿತ್ತು. ಇಷ್ಟು ವೇಗಕ್ಕೆ ಫೋನಿನ ಲೆಕ್ಕ ಹಿಂದೆ ಬೀಳುತ್ತದೆ ಎಂದು ಸಾಫ್ಟ್‌ವೇರ್ ಎಂಜಿನಿಯರನ ಗತ್ತಿನಲ್ಲಿ ವಿವರಿಸಿ, ಅದನ್ನು ಮಗುಚಿ ಹಾಕಿದ.

ದೇವಕಿ ಮೀಟರ್ ಕಡೆ ನೋಡಲೇ ಇಲ್ಲ. ಕೈಗಡಿಯಾರವನ್ನೇ ನೋಡುತ್ತಿದ್ದಳು.

"ಇನ್ನೂ ಜೋರಾಗಿ ಹೋಗೋಕಾಗಲ್ವಾ?" ಎಂದಳು.

ಕಾರ್ತಿಕೇಯನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇಂಥ ಮಾತು ಇದೇ ಮೊದಲು. ಅವಳ ಮೇಲೆ ಪ್ರೀತಿ ಉಕ್ಕಿತು. ಪೆಡಲನ್ನು ನೆಲಕ್ಕೆ ಒತ್ತಿದ. ಮುಳ್ಳು ಇನ್ನೂರಕ್ಕೆ ಬಂದು ನಿಂತಿತು.

"ಇನ್ನೂರಲ್ಲಿದೀವಿ ಕಣೇ."

"ಗೊತ್ತು ರೀ," ಎಂದಳು ದೇವಕಿ, ಕಿಟಕಿಯ ಕಡೆ ತಿರುಗಿ. "ಎಷ್ಟರಲ್ಲಿದೀವಿ ಅಂತ ನಂಗೆ ಚೆನ್ನಾಗಿ ಗೊತ್ತು."

ಅವಳ ಕಣ್ಣಲ್ಲಿ ನೀರಿತ್ತು. ಗಾಬರಿ ಇರಬೇಕು ಎಂದು ಅವನು ಎಡಗೈಯಿಂದ ಅವಳ ಭುಜ ತಟ್ಟಿದ.

ವಿಮಾನ ನಿಲ್ದಾಣ ತಲುಪಿದಾಗ ಎಂಟು ಗಂಟೆ ಹನ್ನೆರಡು ನಿಮಿಷ. ಕೌಂಟರಿನ ದೀಪ ಆರಿತ್ತು. ಅಲ್ಲಿದ್ದ ಹುಡುಗಿ ಕ್ಷಮೆ ಕೇಳಿ, ನಾಳೆ ರಾತ್ರಿಯ ವಿಮಾನದ ವಿವರ ಕೊಟ್ಟಳು.

ದೇವಕಿ ತಂಗಿಗೆ ಫೋನ್ ಮಾಡಿ, ಚಿಕ್ಕಪ್ಪ ಚಿಕ್ಕಮ್ಮನ ಕೈಯಲ್ಲೇ ಧಾರೆ ಎರೆಸಿಕೋ ಎಂದಳು. ದೇವಕಿ ಸೂಟ್‌ಕೇಸಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಕಾರ್ತಿಕೇಯ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ದಾರಿಯುದ್ದಕ್ಕೂ ಇನ್ನೂರರಲ್ಲೇ ಓಡಿಸ್ದೆ ದೇವಕಿ. ಹೆಂಗ್ ಲೇಟಾಯ್ತು?"

"ನಿಮ್ದೊಬ್ರದೇ ತಪ್ಪಲ್ಲ ಬಿಡಿ," ಎಂದಳು ದೇವಕಿ, ಸೆರಗಿನಲ್ಲಿ ಮುಖ ಒರೆಸಿಕೊಂಡು.

ಎಂಬತ್ತರವರೆಗೆ ಮೀಟರು ನಿಜ ಹೇಳಲಿ, ಆಮೇಲೆ ಅವರಿಗೆ ಖುಷಿಯಾಗುವಷ್ಟು ಹೇಳಲಿ, ಕಾರು ಮಾತ್ರ ನೂರಹತ್ತು ದಾಟದ ಹಾಗೆ ಬಿಗಿಯಾಗಿ ಕಟ್ಟಿಬಿಡಿ ಎಂದು, ಎಂಟು ತಿಂಗಳ ಹಿಂದೆ ಅಗ್ನೆಸ್ ಜೊತೆ ವರ್ಕ್‌ಶಾಪಿಗೆ ಹೋಗಿ ವಿನ್‌ಸ್ಟನ್‌ಗೆ ಹೇಳಿ ಬಂದವಳು ಅವಳೇ.