ತುಂಡಾದ ತಂತಿಯ ವರದಿ

"ನಿನ್ನ ಗಂಡನಿಗೆ ತೊಟ್ಟಿಲು ತೂಗೋಕೂ ಬರಲ್ಲ, ದೋಣಿ ನಡೆಸ್ತಾನಂತೆ!" ಎಂದು ಅಪ್ಪ, ಮಗಳು ತಂದ ಫೈಲನ್ನು ತೆರೆಯದೆಯೇ ಪಕ್ಕಕ್ಕೆ ತಳ್ಳಿದ.

ಆ ಬಂದರಿನಲ್ಲಿ ಹಾಯಿ, ಕಂಬ, ಹಗ್ಗದ ವಿಷಯಕ್ಕೆ ಅವನ ಮಾತೇ ಕೊನೆ. ಹಾಗಂತ ಮಹಾಶಯ ದಕ್ಕೆಗೆ ಇಳಿದು ಎಷ್ಟೋ ವರ್ಷವಾಗಿತ್ತು. ತನ್ನ ಅಂಗಡಿಯ ಫ್ಯಾನಿನ ಕೆಳಗೆ ಕೂತು ಕೆಲಸಗಾರರು ತಂದಿಟ್ಟ ಕಾಗದಗಳಿಗೆ ಸಹಿ ಗೀಚುವುದಕ್ಕೇ ಅವನು ಅನುಭವ ಎನ್ನುತ್ತಿದ್ದ.

ಅಳಿಯ ಪ್ರವಾಸಿಗರನ್ನು ಕರೆದೊಯ್ಯುವ ಕ್ಯಾಟಮರಾನಿನ ಕ್ಯಾಪ್ಟನ್. ಎರಡು ಒಡಲಿನ ಆ ದೋಣಿಯ ಹಾಯಿಕಂಬ ಹೋದ ವಾರ ನಡುಗಡಲಲ್ಲಿ ಉರುಳಿ ಒಬ್ಬ ಪ್ರವಾಸಿಯ ಕೈ ಮುರಿದಿತ್ತು. ನಾಳೆ ವಿಚಾರಣೆ; ಅಲ್ಲಿ ನಡೆಯುವುದು ಮಾವನ ವರದಿಯೇ. ತಪ್ಪು ಕ್ಯಾಪ್ಟನ್‌ನದೆಂದಾದರೆ ಲೈಸೆನ್ಸ್ ರದ್ದು. ಮತ್ತೆಂದೂ ಅವನು ಚುಕ್ಕಾಣಿ ಮುಟ್ಟುವ ಹಾಗಿಲ್ಲ.

"ಅವರದೇ ತಪ್ಪು ಅಂತ ಬೇಕಾದ್ರೆ ಬರೀರಿ. ಆದ್ರೆ ಇದನ್ನ ನೋಡಿ ಬರೀರಿ," ಎಂದು ಮಗಳು ಒಂದು ತುಂಡು ಉಕ್ಕಿನ ತಂತಿಯನ್ನು ಮೇಜಿನ ಮೇಲಿಟ್ಟಳು. ಕಂಬವನ್ನು ಪಕ್ಕದಿಂದ ಎಳೆದು ಹಿಡಿಯುವ ತಂತಿ.

ಅವನು ಅದನ್ನು ಬೆರಳಲ್ಲಿ ತಿರುಗಿಸಿದ. "ಇಷ್ಟು ಸಣ್ಣದಾ? ಕಂಬ ಎಷ್ಟೆತ್ತರ?"

"ದೋಣಿ ತೆವಳತ್ತೆ ಅಂತ ಹಳೇ ಮಾಲೀಕರು ಎತ್ತರದ ಕಂಬ ಹಾಕಿಸಿದ್ರಂತೆ. ಹಾಯೀನೂ ದೊಡ್ಡದು. ತಂತಿ ಮಾತ್ರ ಮೊದಲಿನದ್ದೇ."

"ಅಯ್ಯೋ ಕರ್ಮವೇ! ಒಂದೊಡಲಿನ ದೋಣಿಯಾದ್ರೆ ಗಾಳಿಗೆ ವಾಲಿ ಅದರ ಹೊಡೆತ ತಪ್ಪಿಸ್ಕೊಳ್ಳತ್ತೆ. ಇದು ವಾಲಲ್ವೇ! ಎಲ್ಲ ಎಳೆತ ಈ ತಂತಿ ಮೇಲೇ. ಹಾಯಿ ದೊಡ್ಡದು ಮಾಡಿ ತಂತಿ ಹಾಗೇ ಬಿಟ್ಟಿದಾನಲ್ಲ, ಅವನು ಕಸುಬುದಾರ ಅಲ್ಲ, ಕತ್ತೆ!"

"ನಮ್ಮೋರು ಎಷ್ಟೇ ಹುಷಾರಾಗಿ ನಡೆಸಿದ್ರೂ ಬೀಳ್ತಿತ್ತಾ?"

"ನಿಮ್ಮೋನೇನು, ನಾನೇ ನಿಂತು ನಡೆಸಿದ್ರೂ ಬೀಳ್ತಿತ್ತು."

"ಹಾಗಂತ ಬರೆದುಕೊಡ್ತೀರಾ?"

ಅಳಿಯನ ಮೇಲಿನ ತಾತ್ಸಾರ ದೊಡ್ಡದೇ. ಆದರೆ ಇನ್ನೊಬ್ಬ ಕಸುಬುದಾರನ ಮುಖಕ್ಕೆ ಮಸಿ ಬಳಿಯುವ ಸುಖದ ಮುಂದೆ ಅದು ಯಾವ ಲೆಕ್ಕ! ಇದೇ ಕಸುಬಿನ ಎದುರು ಅಂಗಡಿಯವನದೇ ಈ ಘನಕಾರ್ಯ ಎಂದು ಅವನು ಒಳಗೊಳಗೇ ಹಿಗ್ಗಿದ. ಎರಡು ಪುಟ ಜಾಡಿಸಿದ. ಕ್ಯಾಪ್ಟನ್‌ನದು ಎಳ್ಳಷ್ಟೂ ತಪ್ಪಿಲ್ಲ, ಇದು ಬೇಜವಾಬ್ದಾರಿಯ ಪರಮಾವಧಿ, ಇಂಥವನ ಅಂಗಡಿಗೆ ಬೀಗ ಜಡಿಯಬೇಕು. ಕೊನೆಗೆ ಸಹಿ ಹಾಕಿ ಮೊಹರು ಒತ್ತಿದ.

ಮಗಳು ವರದಿಯನ್ನು ಎರಡೆರಡು ಸಲ ಓದಿದಳು. ಮಡಚಿ ಚೀಲಕ್ಕೆ ಹಾಕಿ ಜಿಪ್ ಎಳೆದಳು. ವಾರದಿಂದ ಬಿಗಿಹಿಡಿದ ಉಸಿರು ಆಗ ಹೊರಬಿತ್ತು. ಗಂಡ ಉಳಿದ. ಅಪ್ಪನ ಮುಖವನ್ನು ಮಾತ್ರ ಅವಳು ನೇರ ನೋಡಲಿಲ್ಲ.

"ಈಗ ಬಾಯಿಬಿಡು ಮಗಳೇ, ಎದುರುಗಡೆಯವನೇ ತಾನೆ?" ಅವನು ಕೈ ಉಜ್ಜಿಕೊಂಡ.

"ಅಲ್ಲಪ್ಪಾ," ಎಂದು ಅವಳು ಹಳೇ ಮಾಲೀಕರು ಕೊಟ್ಟಿದ್ದ, ಕಂಬ ಬದಲಿಸಿದ ಕೆಲಸದ ಚೀಟಿಯ ನಕಲನ್ನು ಮುಂದಿಟ್ಟಳು. 'ತಂತಿ ಹಳೆಯದೇ ಸಾಕು' ಎಂಬ ಸಾಲಿನ ಕೆಳಗೆ ಇದ್ದದ್ದು ಅಪ್ಪನದೇ ಸಹಿ.