ಕೊಬ್ಬು ಇಳಿಸುವ ಮೇವು

ಬ್ಯಾಕ್ಟೀರಿಯಾ ಬೆರೆಸಿದ ಮೇವು ಬಂದ ಮೇಲೆ ಊರಿನ ಯಾವ ಕೋಳಿಯಲ್ಲೂ ಕೊಬ್ಬು ಉಳಿದಿರಲಿಲ್ಲ. ಸಾರಿನ ಮೇಲೆ ಜಿಡ್ಡು ತೇಲುವುದೇ ನಿಂತುಹೋಗಿತ್ತು. ಹೃದಯದ ಆಪರೇಷನ್ ಆಗಿದ್ದ ಮುನಿಶಾಮಪ್ಪನಿಗೆ ಡಾಕ್ಟರು ಅಂಥ ಕೋಳಿಯನ್ನೇ ತಿನ್ನಲು ಹೇಳಿದರು. ಅವನು ದಿನವೂ ಒಂದನ್ನು ತುಪ್ಪದಲ್ಲಿ ಹುರಿಸಿಕೊಂಡು ತಿಂದ. ಕೊನೆಗೆ ಮತ್ತೆ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ.

"ಕೋಳೀಲೇ ಏನೋ ಮೋಸ ಐತೆ," ಎಂದು ಅಲ್ಲೂ ಗೊಣಗಿದ.

ಹೇಗೋ ಬದುಕಿ ಮನೆಗೆ ಬಂದವನ ಮುಂದೆ ಹೆಂಡತಿ ಪಿಳ್ಳಮ್ಮ ಬೂದುಬಣ್ಣದ ಗಂಜಿ ಇಟ್ಟಳು.

"ಕೋಳಿ ಎಲ್ಲೇ?"

"ಹಿತ್ಲಲ್ಲೈತೆ. ಇದು ಅದ್ರ ಮೇವು. ಅದ್ರ ಕೊಬ್ಬು ಇಳಿಸಿದ್ದು ನಿಮ್ಮ ಕೊಬ್ಬು ಇಳಿಸಲ್ವಾ? ತಿನ್ನಿ."

ಮುನಿಶಾಮಪ್ಪ ಮುಖ ಕಿವುಚಿಕೊಂಡು ಬಟ್ಟಲು ಖಾಲಿ ಮಾಡಿದ. ಆ ವರ್ಷ ಅವನೂ ಬದುಕಿದ, ಕೋಳಿಯೂ ಬದುಕಿತು.