ಮುಂದೆ ಹೋಗುತ್ತಿದ್ದವನು

“ಇಂಥ ಹೊಲಸು ಮನುಷ್ಯನನ್ನ ಒಳಗೆ ಬಿಟ್ಟೋರು ಯಾರು?” ಎಂದು ವಾರ್ಡನ್ ಕೇಳಿದರು. ಕಣ್ಣು ಪರದೆಯ ಮೇಲೇ ಇತ್ತು.

ಪಕ್ಕದಲ್ಲಿ ನಿಂತಿದ್ದ ಮಗಳು ಮೇಜಿನ ಮೇಲಿನ ಲೋಟವೊಂದನ್ನು ಬದಿಗೆ ಸರಿಸಿದಳು.

ಅವರು ಬಂದದ್ದೇ ಅವಳನ್ನು ಮನೆಗೆ ಕರೆದೊಯ್ಯಲು. ಜೀವನವಿಡೀ ಹುಡುಗರ ಹಾಸ್ಟೆಲ್ಲಿಗೆ ಶಿಸ್ತು ಕಲಿಸಿದವರಿಗೆ ಮಗಳು ವಿಡಿಯೋ ಗೇಮ್ ತಯಾರಿಸುತ್ತಾಳೆಂದರೆ ಹೇಸಿಗೆ. ಕೋಣೆಯೂ ಹಾಗೇ ಇತ್ತು: ಮೇಜಿನ ಮೇಲೆ ತೊಳೆಯದ ಲೋಟಗಳು, ಕೀಬೋರ್ಡಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ. ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿಯೇ ಕೂತಿದ್ದರು. ಒಂದು ಸಲ ಆಡಿ ನೋಡಿ, ಅಸಹ್ಯವಾದದ್ದೇನಾದರೂ ಕಂಡರೆ ಈಗಲೇ ಹೊರಡುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು.

ಆಟ ಹಳೆಯದೇ. ಗೋಡೆಗಳ ನಡುವಿನ ಓಣಿಗಳಲ್ಲಿ ಓಡಾಡಿ ಹಣ್ಣು ಆಯುವುದು. ಹಿಂದೆ ಆ ಲೋಕ ಹಾಳೆಯ ಹಾಗೆ ಚಪ್ಪಟೆಯಾಗಿತ್ತು. ಮಗಳು ಅದನ್ನು ಸುರುಳಿ ಸುತ್ತಿ ಅಂಚಿಗೆ ಅಂಚು ಬೆಸೆದಿದ್ದಳು. ಅದರಿಂದ ಏನೇನು ಬದಲಾಗುತ್ತದೆಂದು ವಿವರಿಸಹೊರಟವಳಿಗೆ ವಾರ್ಡನ್ ಕೈ ಅಡ್ಡ ಹಿಡಿದು, ಪಾಠ ಬೇಡ, ಆಟ ತೋರಿಸು ಎಂದಿದ್ದರು.

ಪರದೆಯಲ್ಲಿ ಕಾಣುವುದು ಮುಂದಿನ ದಾರಿಯಷ್ಟೇ. ಹಣ್ಣುಗಳ ಸುತ್ತ ಪುಟ್ಟ ಕುರುಡು ಪ್ರಾಣಿಗಳು ಗುಂಪಾಗಿ ಕೂತಿರುತ್ತಿದ್ದವು. ವಾರ್ಡನ್ ಅವನ್ನು ಪಕ್ಕಕ್ಕೆ ಸರಿಸಿ, ಹಣ್ಣು ತೆಗೆದುಕೊಂಡು, ಹೊತ್ತು ಹಾಳು ಮಾಡದೆ ನಡೆದರು. ಆಗಲೇ ಓಣಿಯ ಆ ತುದಿಯಲ್ಲಿ ಅವನು ಕಂಡದ್ದು.

ಗೂನು ಬೆನ್ನಿನ ದಪ್ಪ ಆಸಾಮಿ. ಕಾಲಿಗೆ ಸಿಕ್ಕ ಪ್ರಾಣಿಗಳನ್ನು ಒದೆಯುತ್ತಿದ್ದ. ಅವು ಗೋಡೆಗೆ ಬಡಿದು ಮಿಸುಕಾಡುತ್ತಿದ್ದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಅವುಗಳ ಬಾಯಿಯ ಹಣ್ಣನ್ನೂ ಕಿತ್ತುಕೊಳ್ಳುತ್ತಿದ್ದ. ವಾರ್ಡನ್ ಬೆನ್ನಟ್ಟಿದರೆ ಓಡುತ್ತಿದ್ದ, ನಿಂತರೆ ಅಣಕಿಸುವಂತೆ ತಾನೂ ನಿಲ್ಲುತ್ತಿದ್ದ. ಎತ್ತ ತಿರುಗಿದರೂ ತೋರಿಸುತ್ತಿದ್ದದ್ದು ಬೆನ್ನು ಮಾತ್ರ.

“ಮುಖ ತೋರಿಸೋ ಯೋಗ್ಯತೆಯೂ ಇಲ್ಲ,” ಎಂದರು. “ಇವನಿಗೂ ಹೆಂಡತಿ ಮಕ್ಕಳು ಅಂತ ಇರ್ತಾರಲ್ಲ, ಹೇಗೆ ಸಹಿಸ್ಕೋತಾರೋ.”

“ಅಭ್ಯಾಸ ಆಗಿರುತ್ತೆ,” ಎಂದಳು ಮಗಳು.

ವಾರ್ಡನ್ ದಾರಿಯ ಕಲ್ಲೊಂದನ್ನು ಎತ್ತಿ ಅವನತ್ತ ಬೀಸಿದರು. ಕಲ್ಲು ಗುರಿ ತಪ್ಪಲಿಲ್ಲ. ಆದರೆ ಅದೇ ಗಳಿಗೆಯಲ್ಲಿ ಪರದೆ ಅದುರಿತು. ಯಾರೋ ಹಿಂದಿನಿಂದ ಅವರಿಗೂ ಹೊಡೆದಿದ್ದರು. ಈ ನೀಚನಿಗೆ ಜೊತೆಗಾರರೂ ಇದ್ದಾರೆಂದು ಅವರು ಕಂಟ್ರೋಲರನ್ನು ಮೇಜಿನ ಮೇಲೆ ಕುಕ್ಕಿದರು. ಅಸಹ್ಯವಾದದ್ದು ಕಣ್ಣಾರೆ ಕಂಡಾಯಿತು, ಇನ್ನು ಪೆಟ್ಟಿಗೆ ಕಟ್ಟು ಎಂದರು. ಹೊರಡುವ ಮುನ್ನ ಅವನ ಹೆಸರು ತಿಳಿಯಲೇಬೇಕು ಎಂದೂ ಹಟ ಹಿಡಿದರು.

ಮಗಳು ಪರದೆ ಆರಿಸಿದಳು.

“ಆಟದಲ್ಲಿ ನಿಮ್ಮನ್ನ ಬಿಟ್ಟು ಬೇರೆ ಯಾರೂ ಇರಲಿಲ್ಲ ಅಪ್ಪ. ಆ ಲೋಕದಲ್ಲಿ ನೇರ ಮುಂದೆ ನೋಡಿದ್ರೆ, ನೋಟ ಒಂದು ಸುತ್ತು ಬಂದು ಕಾಣಿಸೋದು ನಮ್ಮ ಬೆನ್ನೇ.”